ಸೀಟು ಸಿಕ್ಕಿತು, ಊಟ?

ಹೋದ ವರ್ಷ ನಮ್ಮ ಆಫೀಸಿನಲ್ಲಿ ಡೈವರ್ಸಿಟಿ ಬಗ್ಗೆ ಅರ್ಧ ದಿನದ ತರಬೇತಿ ಇಟ್ಟಿದ್ದರು. ಬಂದವರು ಚೆನ್ನಾಗಿಯೇ ಮಾತಾಡಿದರು. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು, ಏಷ್ಯಾ ಮತ್ತು ಮೆಕ್ಸಿಕೋ ಮೂಲದ ವಿದ್ಯಾರ್ಥಿಗಳ ಜೊತೆ ಸೇರಿ ಮುಷ್ಕರ ಹೂಡಿದ್ದು, ಅದು ಮುಂದಿನ ವರ್ಷದ ಮಾರ್ಚ್‌ವರೆಗೂ ನಡೆದದ್ದು, ಅದರಿಂದಾಗಿ ಅಲ್ಲಿ ಜನಾಂಗೀಯ ಅಧ್ಯಯನಕ್ಕೇ ಒಂದು ಪ್ರತ್ಯೇಕ ಕಾಲೇಜು ಹುಟ್ಟಿದ್ದು, ಎಲ್ಲ ಹೇಳಿದರು. ಆಮೇಲೆ ಒಂದು ಸ್ಲೈಡ್ ಬಂತು: ಈ ಚಿಂತನೆ ನಮ್ಮ ದೇಶಕ್ಕೆ ಬಂದಿದ್ದು ಇತ್ತೀಚೆಗೆ.

ನನಗೆ ಅಲ್ಲಿ ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು. ನಾನು ಹುಟ್ಟೋದಕ್ಕೆ ಮುಂಚೆಯೇ ನಮ್ಮ ಮನೆಯಲ್ಲಿ 'ಹಾಸ್ಟೆಲ್' ಅನ್ನೋದು ದೇವರ ಹೆಸರಿನಷ್ಟೇ ದೊಡ್ಡ ಪದ. ಅಪ್ಪ ಧಾರವಾಡದಲ್ಲಿ ಪದವಿ ಓದಿದ್ದು ನಮ್ಮ ಸಮಾಜದವರ ಉಚಿತ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು. ಸಂಜೆ ಫೋನ್ ಮಾಡಿ ಈ ತರಬೇತಿ ವಿಷಯ ಹೇಳಿದೆ. ಅವರು ನಕ್ಕರು. "ಅಮೆರಿಕಾದವ್ರು ಏನರ ಮಾಡಿರ್ಲಿ ಬಿಡೋ. ಹಾಸ್ಟೆಲ್ ಇರಲಿಲ್ಲಂದ್ರ ನಾ ಇವತ್ತಿಗೂ ಮಂದಿ ಹೊಲದಾಗ ಇರ್ತಿದ್ದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಆ ಹಾಸ್ಟೆಲ್‌ನ್ಯಾಗ ನಮ್ಮವ್ರಷ್ಟ ಇದ್ವಿ" ಅಂತ ಸೇರಿಸಿದರು.

ಆ ಎರಡನೇ ಮಾತು ತಲೆಯಲ್ಲೇ ಉಳಿಯಿತು. ಅದರ ಬೆನ್ನು ಹತ್ತಿ ಓದಿದ್ದು, ಅಪ್ಪನ ಹತ್ತಿರ ಕೇಳಿದ್ದು ಸೇರಿ ಈ ಬರಹ.

ಕಥೆ ಶುರುವಾಗೋದೂ ಧಾರವಾಡದಲ್ಲೇ. 1856ರ ಜೂನ್. ಒಬ್ಬ ಮಹಾರ್ ಹುಡುಗನ ಪರವಾಗಿ ಮುಂಬಯಿ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಎಲ್ಲರ ಹಾಗೆ ಫೀಸು ಕೊಡೋಕೆ ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಅನ್ನೋದು ದೂರು. ಸರ್ಕಾರ ಕೊಟ್ಟ ಉತ್ತರವನ್ನು ಇವತ್ತು ಓದಿದರೂ ಮೈ ಉರಿಯುತ್ತೆ. ನ್ಯಾಯ ಹುಡುಗನ ಕಡೆಗಿದೆ ಅಂತ ಅವರೇ ಒಪ್ಪುತ್ತಾರೆ. ಆದರೆ ಒಬ್ಬನೇ ಒಬ್ಬನಿಗೋಸ್ಕರ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುವ ಅಪಾಯ ತಂದುಕೊಳ್ಳೋದು ಸರಿಯಲ್ಲ ಅಂತ ಬಾಗಿಲು ಹಾಕುತ್ತಾರೆ. ವಿಷಯ ಭಾರತ ಸರ್ಕಾರಕ್ಕೆ ಹೋಯಿತು. ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಅಂತ ಅಲ್ಲಿಂದ ಮಾತು ಬಂತು. ಅಲ್ಲಿಂದ ಲಂಡನ್ನಿಗೆ, ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಮಂಡಳಿಗೆ. 1858ರಲ್ಲಿ ಅವರು ತೀರ್ಮಾನ ಹೇಳಿದರು: ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು.

ಕೇಳೋಕೆ ಗೆಲುವು. ಆದರೆ ಶಾಲೆಗಳು ಅದರಂತೆ ನಡೆಯಲಿಲ್ಲ. 1882ರಲ್ಲಿ ಹಂಟರ್ ಆಯೋಗ ಶಿಕ್ಷಣದ ಸ್ಥಿತಿ ನೋಡೋಕೆ ಕೂತಾಗ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬೇಕಾಯಿತು. ತತ್ವವನ್ನು ಆಯೋಗವೂ ಎತ್ತಿಹಿಡಿಯಿತು, ಆದರೆ ಜಾರಿಗೆ ತರುವಾಗ ಹುಷಾರಾಗಿರಿ ಅಂತಲೂ ಹೇಳಿತು. ಬಾಗಿಲ ಮೇಲೆ 'ಎಲ್ಲರಿಗೂ ಪ್ರವೇಶ' ಅಂತ ಬರೆದ ಮೇಲೂ ಒಳಗೆ ಬರೋಕೆ ಎಷ್ಟೋ ಜನರಿಗೆ ಆಗಲಿಲ್ಲ.

ಯಾಕೆ ಅಂತ ತಿಳಿಯೋಕೆ ಊಟದಿಂದ ಶುರು ಮಾಡಬೇಕು.

ಹಳೆಯ ತಲೆಮಾರಿನ ಆತ್ಮಕಥೆಗಳನ್ನು ಓದಿದವರಿಗೆ 'ವಾರಾನ್ನ' ಅನ್ನೋ ಪದ ಗೊತ್ತಿರುತ್ತೆ. ಓದೋಕೆ ಊರು ಬಿಟ್ಟು ಬಂದ ಬಡ ಹುಡುಗ, ವಾರದ ಏಳು ದಿನ ಏಳು ಮನೆಯಲ್ಲಿ ಊಟ ಮಾಡೋದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಯಾರೋ ಊರಿಗೆ ಹೋದರೆ ಆ ದಿನ ಉಪವಾಸ. ಎಸ್.ಎಲ್. ಭೈರಪ್ಪನವರು ವಾರಾನ್ನ ಮಾಡಿಕೊಂಡು, ಮೈಸೂರಿನ ಅನಾಥಾಲಯದಲ್ಲಿ ಇದ್ದುಕೊಂಡು ಓದಿದ್ದನ್ನು 'ಭಿತ್ತಿ'ಯಲ್ಲಿ ಬರೆದಿದ್ದಾರೆ. ಇದು ಸುಲಭದ ಬದುಕಲ್ಲ. ಬೇರೆಯವರ ಮನೆ ನಡುಮನೆಯಲ್ಲಿ ತಲೆ ತಗ್ಗಿಸಿ ಕೂತು ಉಣ್ಣುವ ಹುಡುಗನ ಸಂಕಟ ಸಣ್ಣದಲ್ಲ.

ಆದರೂ ಅದು ಒಂದು ವ್ಯವಸ್ಥೆ. ಈಗಿನ ಭಾಷೆಯಲ್ಲಿ ಹೇಳೋದಾದರೆ ಆ ಕಾಲದ 'ಸ್ಟೂಡೆಂಟ್ ಸಪೋರ್ಟ್'. ಅದು ನಿಂತಿದ್ದದ್ದು ಎರಡು ಸಂಗತಿಗಳ ಮೇಲೆ. ಒಂದು, ಪಟ್ಟಣದಲ್ಲಿ ನಿಮ್ಮ ಜಾತಿಯವರ ಏಳು ಮನೆಯಾದರೂ ಇರಬೇಕು. ಎರಡು, ಆ ಏಳೂ ಮನೆಗಳಲ್ಲಿ ಒಂದು ಎಲೆ ಜಾಸ್ತಿ ಹಾಕುವಷ್ಟು ಅಕ್ಕಿ ಇರಬೇಕು. ತಲೆಮಾರುಗಳಿಂದ ಪಟ್ಟಣದಲ್ಲಿ ಕಚೇರಿ ಕೆಲಸ ಮಾಡುತ್ತಿದ್ದವರ ಜಾತಿಗೆ ಇವೆರಡೂ ಇದ್ದವು. ಹಳ್ಳಿಯ ರೈತರ, ಕುರುಬರ, ನೇಕಾರರ, ದಲಿತರ ಮಕ್ಕಳಿಗೆ ಪಟ್ಟಣದಲ್ಲಿ ಯಾರಿದ್ದರು? ಶಾಲೆಗೆ ಸೇರಿಸಿಕೊಂಡರೂ ರಾತ್ರಿ ಎಲ್ಲಿ ಮಲಗೋದು, ಯಾರ ಮನೆ ಬಾಗಿಲಲ್ಲಿ ನಿಲ್ಲೋದು?

ಇದನ್ನು ಸರಿಯಾಗಿ ಗುರುತಿಸಿದವರು ನಮ್ಮ ಗಡಿಯಾಚೆ ಕೊಲ್ಲಾಪುರದ ಶಾಹೂ ಮಹಾರಾಜರು. 1894ರಲ್ಲಿ ಅಧಿಕಾರಕ್ಕೆ ಬಂದ ಅವರು ಮೊದಲು ಎಲ್ಲ ಜಾತಿಯವರಿಗೂ ಅಂತಲೇ ಒಂದು ವಿದ್ಯಾರ್ಥಿನಿಲಯ ಮಾಡಿಸಿದರಂತೆ. ನೋಡನೋಡುತ್ತ ಅದರಲ್ಲಿ ಒಂದೇ ಜಾತಿಯ ಹುಡುಗರು ತುಂಬಿಕೊಂಡರು ಅಂತ ಅವರ ಚರಿತ್ರೆ ಬರೆದವರು ಹೇಳ್ತಾರೆ. ಯಾರೂ ಬೋರ್ಡ್ ಹಾಕಿ ಉಳಿದವರನ್ನು ತಡೆದಿರಲಿಲ್ಲ. ನಡೆಸುವವರು, ಅಡುಗೆಯವರು, ಪಂಕ್ತಿಯಲ್ಲಿ ಕೂರುವವರು ಒಂದೇ ಕಡೆಯವರಾದಾಗ ಹೊಸಬ ತಾನಾಗೇ ಹೊರಗುಳಿಯುತ್ತಾನೆ. ಆಫೀಸಿನಲ್ಲಿ 'ಎಲ್ಲರಿಗೂ ಸ್ವಾಗತ' ಅಂತ ಮೇಲ್ ಕಳಿಸಿ, ಯಾರೂ ಬರಲಿಲ್ಲವಲ್ಲ ಅಂತ ಆಶ್ಚರ್ಯಪಡುವ ನಮ್ಮಂಥವರು ಇದನ್ನು ಗಮನಿಸಬೇಕು.

ಶಾಹೂ ಆಶ್ಚರ್ಯಪಡುತ್ತ ಕೂರಲಿಲ್ಲ. 1901ರಲ್ಲಿ ಮರಾಠಾ ಹುಡುಗರಿಗೆ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಶುರುವಾಯಿತು. ಅದರ ಹಿಂದೆಯೇ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ಹಾಸ್ಟೆಲ್, ಹೀಗೆ ಒಂದಾದ ಮೇಲೊಂದು. ಕಟ್ಟಡಕ್ಕೆ ಜಾಗ, ನಡೆಸೋಕೆ ಹಣ ಸಂಸ್ಥಾನದಿಂದ. ಮಧ್ಯೆ 1902ರ ಜುಲೈ 26ರಂದು ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದವರಿಗೆ ಮೀಸಲಿಟ್ಟ ಆದೇಶವೂ ಬಂತು. ಕೊಲ್ಲಾಪುರಕ್ಕೆ ವಿದ್ಯಾರ್ಥಿನಿಲಯಗಳ ತಾಯಿ ಅನ್ನೋ ಹೆಸರು ಸುಮ್ಮನೆ ಬರಲಿಲ್ಲ. ಗಡಿಯ ಈಚೆಗಿನ ನಮ್ಮ ಕಡೆಯ ಎಷ್ಟೋ ಹುಡುಗರೂ ಅಲ್ಲೇ ಓದಿದರು. ಮುಂದೆ ಮುಖ್ಯಮಂತ್ರಿ, ಉಪರಾಷ್ಟ್ರಪತಿ ಆದ ಬಿ.ಡಿ. ಜತ್ತಿ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ.

ಜಾತಿಗೊಂದು ಹಾಸ್ಟೆಲ್ ಮಾಡಿದರೆ ಜಾತಿ ಗಟ್ಟಿಯಾಗೋದಿಲ್ಲವೇ? ಈ ಪ್ರಶ್ನೆ ನನಗೂ ಬಂತು. ಶಾಹೂ ಅವರ ನಡೆ ನೋಡಿದರೆ ಅವರಿಗೂ ಬಂದಿರಬೇಕು. 1919ರಲ್ಲಿ ಅವರು ಅಸ್ಪೃಶ್ಯರಿಗೆಂದೇ ಇದ್ದ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಎಲ್ಲರ ಶಾಲೆಗೇ ಸೇರಿಸುವಂತೆ ಆದೇಶ ಮಾಡಿದರು. ಅಂದರೆ ಮಲಗೋಕೆ, ಉಣ್ಣೋಕೆ ಮೊದಲು ಒಂದು ಭದ್ರವಾದ ಜಾಗ. ಕಲಿಯೋದು ಎಲ್ಲರ ಜೊತೆ ಒಂದೇ ಬೆಂಚಿನಲ್ಲಿ.

ಸೂರು ಎಷ್ಟು ಮುಖ್ಯ ಅನ್ನೋದಕ್ಕೆ ಅದೇ ಕಾಲದ ಇನ್ನೊಂದು ಘಟನೆ ಇದೆ. ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಎಂ.ಎ. ಮಾಡಿ, ಲಂಡನ್ನಿನಲ್ಲೂ ಓದಿ, ಒಪ್ಪಂದದಂತೆ ಬರೋಡಾ ಸಂಸ್ಥಾನದ ಕೆಲಸಕ್ಕೆ 1917ರಲ್ಲಿ ಬಂದರು. ಆ ಊರಿನಲ್ಲಿ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಹೇಗೋ ಇದ್ದರು. ಜಾತಿ ಗೊತ್ತಾದ ಮೇಲೆ ಕೋಲು ಹಿಡಿದ ಗುಂಪೊಂದು ಬಂದು ಹೊರಗೆ ಹಾಕಿತು. ರಾಜನ ಬೆಂಬಲ, ಕೊಲಂಬಿಯಾದ ಪದವಿ, ಸರ್ಕಾರಿ ಕೆಲಸ ಮೂರೂ ಇದ್ದವರ ಗತಿ ಇದು. ಕೆಲಸ ಬಿಟ್ಟು ಮುಂಬಯಿಗೆ ಹೋಗಬೇಕಾಯಿತು. ಮುಂದೆ ಮತ್ತೆ ಲಂಡನ್ನಿಗೆ ಓದಲು ಹೋಗುವಾಗ ಅವರಿಗೆ ನೆರವಾದವರಲ್ಲಿ ಇದೇ ಶಾಹೂ ಮಹಾರಾಜರೂ ಒಬ್ಬರು.

ಇನ್ನು ಮೈಸೂರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರ ಜುಲೈನಲ್ಲಿ. ಮುಂದಿನ ವರ್ಷವೇ ಪ್ರಜಾಮಿತ್ರ ಮಂಡಳಿ ಹುಟ್ಟಿತು. ವಿದ್ಯೆ ಮತ್ತು ಸರ್ಕಾರಿ ಕೆಲಸ ಒಂದೇ ಸಮುದಾಯದ ಕೈಯಲ್ಲಿದೆ, ಉಳಿದವರಿಗೆ ಪಾಲು ಬೇಕು ಅನ್ನೋದು ಅವರ ಬೇಡಿಕೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸರಿ ಕಾಣಲಿಲ್ಲ. ಅರ್ಹತೆಯ ಜಾಗದಲ್ಲಿ ಜಾತಿ ಬರಬಾರದು ಅನ್ನೋದು ಅವರ ನಿಲುವು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಇವತ್ತು ಟೀ ಬ್ರೇಕಿನಲ್ಲಿ ನಾವು ಮೆರಿಟ್ ಬಗ್ಗೆ ಮಾಡುವ ಜಗಳವನ್ನು ಅರಮನೆಯಲ್ಲಿ ನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು. 1921ರಲ್ಲಿ ಸರ್ಕಾರದ ಆದೇಶ ಬಂತು.

ಕೋಟಾ ಬಂದರೂ, ಕೋಟಾ ತುಂಬೋಕೆ ಓದಿದ ಹುಡುಗರು ಬೇಕಲ್ಲ? ಆ ಕೆಲಸವನ್ನು ಸಮುದಾಯದ ಸಂಘಗಳು, ಮಠಗಳು, ಕೆಲವು ಹಟಮಾರಿ ವ್ಯಕ್ತಿಗಳು ಮಾಡಿದರು. 1906ರಲ್ಲಿ ಒಕ್ಕಲಿಗರ ಸಂಘ. ಉತ್ತರದಲ್ಲಿ ಮಕ್ಕಳಿಲ್ಲದ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಹುಡುಗರ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಪ್ರಸಾದ ನಿಲಯ ನಡೆಸಿದವು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಅಲ್ಲಿ ಎಲ್ಲ ಜಾತಿ, ಧರ್ಮಗಳ ಸುಮಾರು ಹತ್ತು ಸಾವಿರ ಮಕ್ಕಳು ಓದುತ್ತಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇವರೆಲ್ಲರಿಗಿಂತ ಮೊದಲೇ, 1897ರಲ್ಲಿ, ದಲಿತರಿಗಾಗಿ ಒಂದು ಮಿಷನ್ ಕಟ್ಟಿ, ಮಕ್ಕಳಿಗೆ ಊಟ ಹಾಕಿ ಶಾಲೆಗೆ ಕರೆತಂದರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಭೂಮಿ ಇದ್ದ, ಮಠ ಇದ್ದ, ದೇಸಾಯರು ಇದ್ದ ಸಮುದಾಯಗಳು ತಮ್ಮ ಹುಡುಗರಿಗೆ ತಾವೇ ಸೂರು ಮಾಡಿಕೊಂಡವು. ಏನೂ ಇಲ್ಲದ ಸಮುದಾಯ ಯಾರೋ ಒಬ್ಬ ರಂಗರಾಯರಿಗಾಗಿ ಕಾಯಬೇಕಾಯಿತು. ವಾರಾನ್ನದ ಸಮಸ್ಯೆಯೇ ಒಂದು ಮೆಟ್ಟಿಲು ಕೆಳಗೆ ಇಳಿದು ಮತ್ತೆ ಎದುರಾಯಿತು.

ಇಷ್ಟು ಓದಿದ ಮೇಲೆ ಅಪ್ಪನಿಗೆ ಮತ್ತೆ ಫೋನ್ ಮಾಡಿದೆ. ನಿಮ್ಮ ಕ್ಲಾಸಿನಲ್ಲಿ ದಲಿತ ಹುಡುಗರು ಇರಲಿಲ್ವಾ ಅಂತ ಕೇಳಿದೆ.

"ಒಬ್ಬ ಇದ್ದ," ಅಂದರು. "ನನಗಿಂತ ಭಾಳ ಶಾಣ್ಯಾ. ಗಣಿತ ನನಗ ಅವನ ಹೇಳಿಕೊಡ್ತಿದ್ದ. ಸರ್ಕಾರಿ ಹಾಸ್ಟೆಲ್‌ನಾಗ ಜಾಗಾ ಸಿಗಲಿಲ್ಲ. ರೂಮು ಯಾರೂ ಕೊಡಲಿಲ್ಲ. ದಿನಾ ಊರಿಂದ ಬಂದು ಹೋಗ್ತಿದ್ದ. ಎರಡನೇ ವರ್ಷಕ್ಕ ಬಿಟ್ಟಾ."

ನಿಮ್ಮ ಹಾಸ್ಟೆಲ್‌ನಲ್ಲಿ ಕೇಳಲಿಲ್ವಾ ಅಂದೆ.

"ಕೇಳಬೇಕಂತ ನನಗ ಹೊಳೀಲೇ ಇಲ್ಲೋ" ಅಂದರು. ಅಪ್ಪ ಮೇಷ್ಟ್ರಾಗಿ ನಿವೃತ್ತರಾದವರು. ಐವತ್ತು ವರ್ಷದ ಮೇಲೆ ಈ ಮಾತು ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ಅವರನ್ನು ಬೈಯೋ ಹಕ್ಕು ನನಗಿಲ್ಲ. ಅವರು ಉಂಡ ಆ ಅನ್ನದಿಂದಲೇ ನಾನು ಇಂಗ್ಲಿಷ್ ಮೀಡಿಯಮ್ಮಿಗೆ ಹೋದೆ, ಬೆಂಗಳೂರಿಗೆ ಬಂದೆ, ಎ.ಸಿ. ರೂಮಿನಲ್ಲಿ ಕೂತು ಡೈವರ್ಸಿಟಿ ತರಬೇತಿ ಕೇಳಿದೆ.

ಅಪ್ಪನ ಗೆಳೆಯನಂಥವರಿಗೆ ವ್ಯವಸ್ಥೆಯೇ ಇರಲಿಲ್ಲ ಅಂತಲ್ಲ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ 1944ರಲ್ಲೇ ಶುರು ಮಾಡಿತ್ತು. ಅಂಬೇಡ್ಕರ್ ಆಗ ವೈಸ್‌ರಾಯ್ ಕೌನ್ಸಿಲ್ಲಿನ ಸದಸ್ಯರು. ಸರ್ಕಾರಿ ಹಾಸ್ಟೆಲುಗಳೂ ಒಂದೊಂದಾಗಿ ಬಂದವು. ಆದರೆ ಕೇಳುವವರ ಸಂಖ್ಯೆಗೆ ಸಾಲುವಷ್ಟು ಮಂಚಗಳು ಇರಲಿಲ್ಲ.

ಇದ್ದಷ್ಟು ಹಾಸ್ಟೆಲುಗಳಿಂದ ಏನಾಯಿತು ಅಂತ ನೋಡಿದರೆ, ಇಲ್ಲದ್ದರಿಂದ ಎಷ್ಟು ನಷ್ಟವಾಗಿರಬಹುದು ಅಂತ ಗೊತ್ತಾಗುತ್ತೆ. ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ಹುಡುಗ. 'ಊರುಕೇರಿ' ಓದಿದವರಿಗೆ ಆ ದಿನಗಳು ನೆನಪಿರುತ್ತವೆ. ಹಸಿವಿದ್ದರೂ ಅಲ್ಲಿ ನಗು ಇತ್ತು, ಓದು ಇತ್ತು, ಒಬ್ಬರಿಗೊಬ್ಬರು ಇದ್ದರು. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯವನ್ನು ಬೂಸಾ ಅಂದರು ಅಂತ ಗಲಾಟೆ ಎದ್ದಾಗ ಕಲ್ಲು ಬಿದ್ದಿದ್ದು ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ. ಅವರು ಒಟ್ಟಾಗಿ ನಿಂತಿದ್ದೂ ಅದೇ ಹಾಸ್ಟೆಲುಗಳಲ್ಲಿ. ದಲಿತ ಸಂಘರ್ಷ ಸಮಿತಿಯ ಬೇರು, ಬಂಡಾಯ ಸಾಹಿತ್ಯದ ಕಾವು ಹುಡುಕುತ್ತ ಹೋದರೆ ಹಾಸ್ಟೆಲ್ ಕೋಣೆಗಳು ಸಿಗುತ್ತವೆ. ಊಟಕ್ಕೆ, ನಿದ್ದೆಗೆ ಅಂತ ಮಾಡಿದ ಜಾಗ ದನಿಗೂ ಜಾಗವಾಯಿತು. ಅದೇ ದಶಕದಲ್ಲಿ ದೇವರಾಜ ಅರಸರು 1972ರಲ್ಲಿ ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ವರದಿ ಬಂತು. ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಜಿಲ್ಲೆ, ತಾಲ್ಲೂಕುಗಳಿಗೆ ಹರಡಿದ್ದರ ಹಿಂದೆ ಆ ಕಾಲದ ರಾಜಕೀಯ ಇದೆ.

ಹಾಗಾದರೆ ಈಗ ಎಲ್ಲ ಸರಿಹೋಯಿತಾ? 2007ರಲ್ಲಿ ದೆಹಲಿಯ ಏಮ್ಸ್ ಬಗ್ಗೆ ಸುಖದೇವ್ ಥೋರಟ್ ಸಮಿತಿ ಕೊಟ್ಟ ವರದಿ ಓದಿದರೆ ಹಾಗನ್ನಿಸೋದಿಲ್ಲ. ದೇಶದ ಅತಿ ಬುದ್ಧಿವಂತರು ಓದುವ ಜಾಗದಲ್ಲಿ ಹಾಸ್ಟೆಲ್, ಮೆಸ್ಸು, ಆಟದ ಮೈದಾನ ಎಲ್ಲ ಕಡೆ ಜಾತಿಯ ಗೆರೆ ಇರೋದನ್ನು ಅದು ಬರೆದಿಟ್ಟಿತು. 2012ರಲ್ಲಿ ಯುಜಿಸಿ ಸಮಾನತೆಯ ನಿಯಮಾವಳಿ ತಂದು, ವಿಶ್ವವಿದ್ಯಾಲಯಗಳಲ್ಲಿ ಸಮಾನ ಅವಕಾಶ ಕೋಶ, ದೂರು ಕೇಳುವ ಅಧಿಕಾರಿ ಇರಬೇಕು ಅಂತ ಹೇಳಿತು. 2016ರ ಜನವರಿಯಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡರು. ಅದಕ್ಕೆ ಮುಂಚೆ ಅವರನ್ನೂ ಸೇರಿ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಕಿದ್ದು ಹಾಸ್ಟೆಲಿನಿಂದ ಹೊರಗೆ. ಅವರು ಕ್ಯಾಂಪಸ್ಸಿನಲ್ಲೇ ಬಯಲಲ್ಲಿ ಮಲಗುತ್ತಿದ್ದರು. ಕ್ಲಾಸು ಇತ್ತು, ಲೈಬ್ರರಿ ಇತ್ತು, ಸೂರು ಇರಲಿಲ್ಲ. 1917ರ ಬರೋಡಾದಿಂದ ಒಂದು ಶತಮಾನ ಕಳೆಯೋಕೆ ಒಂದೇ ವರ್ಷ ಬಾಕಿ ಇತ್ತು.

ನಮ್ಮ ತಂಡಕ್ಕೆ ಈ ಸಲ ರಾಯಚೂರು ಕಡೆಯ ಒಬ್ಬ ಹುಡುಗ ಇಂಟರ್ನ್ ಆಗಿ ಬಂದ. ಕೆಲಸ ಚೆನ್ನಾಗಿ ಮಾಡ್ತಾನೆ. ಮೊದಲ ಮೂರು ವಾರ ಮಧ್ಯಾಹ್ನ ನಮ್ಮ ಜೊತೆ ಊಟಕ್ಕೆ ಬರಲಿಲ್ಲ. ನಾವು ಅವನನ್ನು ಸಂಕೋಚದ ಹುಡುಗ ಅಂದುಕೊಂಡೆವು. ಆಮೇಲೆ ತಿಳಿಯಿತು, ಮೊದಲ ಸ್ಟೈಪೆಂಡ್ ಬರೋವರೆಗೆ ಅವನ ಹತ್ತಿರ ದುಡ್ಡಿರಲಿಲ್ಲ. ಪಿ.ಜಿ. ಅಡ್ವಾನ್ಸಿಗೇ ಎಲ್ಲ ಮುಗಿದಿತ್ತು. ಲ್ಯಾಪ್‌ಟಾಪ್ ಕೊಟ್ಟಿದ್ದೆವು, ಐಡಿ ಕಾರ್ಡ್ ಕೊಟ್ಟಿದ್ದೆವು, ಬಡ್ಡಿ ಅಂತ ಒಬ್ಬ ಜೊತೆಗಾರನನ್ನೂ ಕೊಟ್ಟಿದ್ದೆವು. ಊಟ ಆಯ್ತಾ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೂ ಅದು ಹೊಳೆದೇ ಇರಲಿಲ್ಲ, ಅಪ್ಪನ ಹಾಗೆಯೇ. ಈಗ ಇಂಟರ್ನ್‌ಗಳಿಗೆ ಮೊದಲ ದಿನವೇ ಅರ್ಧ ತಿಂಗಳ ಸ್ಟೈಪೆಂಡ್ ಮುಂಗಡ ಕೊಡುವಂತೆ ನಮ್ಮ ತಂಡದಿಂದ ಕೇಳಿ, ಒಪ್ಪಿಸಿದ್ದೇವೆ. ತರಬೇತಿಯಿಂದ ಬಂದ ಬುದ್ಧಿಯಲ್ಲ ಅದು.

ಅಪ್ಪನ ಹಾಸ್ಟೆಲಿನಿಂದ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬಂದಿದೆ. ಹೊಸ ಕಟ್ಟಡ ಕಟ್ಟುತ್ತಾರಂತೆ, ದೇಣಿಗೆ ಕೇಳಿದ್ದಾರೆ. ಅಪ್ಪ ಐವತ್ತು ಸಾವಿರ ತೆಗೆದಿಟ್ಟಿದ್ದರು. ಕಳಿಸೋದಕ್ಕೆ ಮುಂಚೆ ಅವರೇ ಅಲ್ಲಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರಂತೆ: ಈಗ ಬ್ಯಾರೆ ಸಮಾಜದ ಹುಡುಗರನ್ನ ತಗೋತೀರೇನು? ಆ ಕಡೆಯಿಂದ, "ಸರ್, ಅದು ಬೈಲಾದಾಗ ಇಲ್ಲರೀ. ಮಹಾಸಭೆಯೊಳಗ ಯಾರರ ವಿಷಯ ಎತ್ತಿದ್ರ ಚರ್ಚಾ ಆಗಬಹುದು" ಅಂತ ಉತ್ತರ ಬಂತಂತೆ.

ಹಾಗಾದ್ರೆ ದುಡ್ಡು ಕಳಿಸಲ್ವಾ ಅಂತ ಕೇಳಿದೆ.

"ಕಳಸ್ತೀನಿ. ಉಂಡ ಮನಿ ಅದು," ಅಂದರು. "ಆದ್ರ ಮಹಾಸಭೆಗೆ ನಾನೂ ಹೋಗ್ತೀನಿ. ಡಿಸೆಂಬರ್‌ದಾಗ ಐತಿ. ಧಾರವಾಡಕ್ಕ ಟಿಕೆಟ್ ತಗಸು."

ಎರಡು ಟಿಕೆಟ್ ತೆಗೆಸಿದ್ದೇನೆ.